ಕಿರುತಟ್ಟೆ, ಗಡಸು ದನಿ, ಕೇಳುಗರ ತೀರ್ಪು

ಬಾನುಲಿ ನಿಲಯಗಳಿಗೆ ಬರುವ ಕಾಗದಗಳಲ್ಲಿ ಎರಡು ಜಾತಿ. "ನಿನ್ನೆ ಹಾಕಿದ ಹಾಡು ಬಹಳ ಚೆನ್ನಾಗಿತ್ತು, ಇನ್ನೊಮ್ಮೆ ಹಾಕಿ" ಎನ್ನುವುದು ಒಂದು ಜಾತಿ. "ನಿನ್ನೆ ಹಾಕಿದ್ದನ್ನು ದಯವಿಟ್ಟು ಇನ್ನೆಂದೂ ಹಾಕಬೇಡಿ" ಎನ್ನುವುದು ಇನ್ನೊಂದು. ಮೆಚ್ಚಿಕೆಗೆ ಒಂದು ಕಾರ್ಡು ಸಾಕು. ಸಿಟ್ಟಿಗೆ ಮಾತ್ರ ಕವರೇ ಬೇಕು, ಅದೂ ಎರಡು ಹಾಳೆ ಹಿಡಿಸುವಂಥದು. ಸಂಗೀತದ ಚರಿತ್ರೆ ಬರೆಯುವವರು ವಿದ್ವಾಂಸರ ಹೆಸರು, ಕೃತಿಗಳ ಹೆಸರು, ಕಚೇರಿಗಳ ತಾರೀಖು ಎಲ್ಲವನ್ನೂ ಜೋಪಾನವಾಗಿ ಬರೆದಿಡುತ್ತಾರೆ. ಈ ಕಾಗದಗಳನ್ನು ಮಾತ್ರ ಬುಟ್ಟಿಗೆ ಹಾಕಿಬಿಡುತ್ತಾರೆ. ಅದು ಅನ್ಯಾಯವೆಂದೇ ನನ್ನ ಎಣಿಕೆ. ಹಾಡುವವನಿಗೆ ಎಷ್ಟು ಚರಿತ್ರೆಯುಂಟೋ ಕೇಳುವವನಿಗೂ ಅಷ್ಟೇ ಉಂಟು. ಈ ಹೊತ್ತು ಆ ಎರಡನೆಯ ಜಾತಿಯ ಕಾಗದದ ಕಥೆಯನ್ನು ಸ್ವಲ್ಪ ಹೇಳಬೇಕೆಂದಿದ್ದೇನೆ.

ಕಥೆ ನಡೆದದ್ದು ದೂರದ ಇಂಗ್ಲೆಂಡು, ಐರ್ಲೆಂಡುಗಳಲ್ಲಿ. ಅದರ ಪಾತ್ರಧಾರಿಗಳು ವಿದ್ಯುತ್ ಗಿಟಾರು ಹಿಡಿದ ಹುಡುಗ ಹುಡುಗಿಯರು. "ನಮಗೇಕೆ ಆ ಗದ್ದಲ?" ಎಂದು ಕೇಳುವ ಹಿರಿಯರು ನಮ್ಮ ಓದುಗರಲ್ಲಿ ಇರಬಹುದು. ಆ ಸಂಗೀತವನ್ನು ಮೆಚ್ಚಬೇಕೆಂಬ ಬಲವಂತ ನನ್ನದಲ್ಲ. ಆದರೆ ಅದು ಎಬ್ಬಿಸಿದ ಪ್ರಶ್ನೆ ನಮಗೂ ಪರಿಚಿತವಾದದ್ದೇ. ಮೈಕಿಲ್ಲದ ಕಾಲದಲ್ಲಿ ಪಿಟೀಲಿನ ದನಿ ಸಭೆಯ ಹಿಂದಿನ ಸಾಲಿಗೆ ತಲುಪುವುದಿಲ್ಲವೆಂದು ಮೈಸೂರಿನ ಚೌಡಯ್ಯನವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರಷ್ಟೆ. ದನಿಯನ್ನು ದೊಡ್ಡದು ಮಾಡಿದರೆ ಸಂಗೀತ ಹಿಗ್ಗುತ್ತದೆಯೋ ಕುಗ್ಗುತ್ತದೆಯೋ? ಸಾಹಿತ್ಯ ಕಿವಿಗೆ ಬೀಳಬೇಕೋ, ನಾದವೊಂದಿದ್ದರೆ ಸಾಕೋ? ಬಹುಕಾಲದಿಂದ ಕೇಳಿದ ಕಲಾವಿದ ಒಂದು ದಿನ ದಾರಿ ಬದಲಿಸಿದರೆ ಕೇಳುಗನಿಗೆ ದೂರುವ ಹಕ್ಕುಂಟೆ? ಈ ಪ್ರಶ್ನೆಗಳಿಗೆ ಸೀಮೆ ಸರಹದ್ದಿಲ್ಲ.

ಮೊದಲು ತಟ್ಟೆಯ ವಿಚಾರ. ಹಳೆಯ ಅರಗಿನ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿತ್ತು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಸಂಗೀತ ಹಿಡಿದರೆ ಹೆಚ್ಚು. ೧೯೪೮ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ನಿಮಿಷಕ್ಕೆ ಸುಮಾರು ೩೩ ಸುತ್ತು ತಿರುಗುವ ದೀರ್ಘ ತಟ್ಟೆಯನ್ನು ತಂದಿತು. ಮರುವರ್ಷವೇ ಅದರ ಪ್ರತಿಸ್ಪರ್ಧಿ ಆರ್.ಸಿ.ಎ. ಕಂಪನಿ ೪೫ ಸುತ್ತಿನ ಏಳಂಗುಲದ ತಟ್ಟೆಯನ್ನು ಹೊರಡಿಸಿತು. ಆ ಪುಟ್ಟ ತಟ್ಟೆಯಲ್ಲೇ ಗೆರೆಗಳನ್ನು ಒತ್ತಾಗಿ ಕೊರೆದು ಮಗ್ಗುಲಿಗೆ ಎರಡು ಹಾಡು ಹಿಡಿಸಿದ್ದು ೧೯೫೨ರಲ್ಲಿ. ಇದೇ ಇ.ಪಿ. ನಾಲ್ಕು ಹಾಡಿನ ಕನ್ನಡ ಚಿತ್ರಗೀತೆಗಳ ಇ.ಪಿ.ಗಳು ನಮ್ಮ ಎಷ್ಟೋ ಮನೆಗಳ ಬೀರುಗಳಲ್ಲಿ ಇನ್ನೂ ಇದ್ದಾವು. ಒಂದೆರಡು ಹಾಡಿನ ತಟ್ಟೆಗಿಂತ ಇದು ದೊಡ್ಡದು, ದೀರ್ಘ ತಟ್ಟೆಗಿಂತ ಸಣ್ಣದು. ದೀರ್ಘ ತಟ್ಟೆ ಮದುವೆಯಿದ್ದಂತೆ. ಅದರಲ್ಲಿ ತಪ್ಪಿದರೆ ಬಹಳ ನಷ್ಟ. ಕಿರುತಟ್ಟೆ ಸಂಜೆಯ ಭೇಟಿಯಿದ್ದಂತೆ; ಕೊಂಚ ಧೈರ್ಯ ಮಾಡಿ ನೋಡಬಹುದು. ಆದ್ದರಿಂದಲೇ ಹೊಸ ದನಿಗಳು ಮೊದಲು ಹಾದುಬಂದದ್ದು ಬಹುಮಟ್ಟಿಗೆ ಈ ಸಣ್ಣ ಬಾಗಿಲಿನಿಂದ.

ಇನ್ನು ಊರಿನ ವಿಚಾರ. ನಮ್ಮ ಹಿರಿಯರಿಗೆ ಮ್ಯಾಂಚೆಸ್ಟರ್ ಎಂದರೆ ಪರದೇಶಿ ಬಟ್ಟೆ, ಸ್ವದೇಶಿ ಚಳವಳಿಯ ದಿನಗಳಲ್ಲಿ ಬೀದಿಯಲ್ಲಿ ರಾಶಿ ಹಾಕಿ ಸುಟ್ಟದ್ದು. ಆ ಊರಿನಲ್ಲಿ ಫ್ರೀ ಟ್ರೇಡ್ ಹಾಲ್ ಎಂಬ ದೊಡ್ಡ ಸಭಾಭವನವಿತ್ತು. ೧೮೧೯ರಲ್ಲಿ ಮತದಾನದ ಹಕ್ಕು ಕೇಳಲು ನೆರೆದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ ಮೈದಾನದಲ್ಲೇ ಎದ್ದ ಕಟ್ಟಡ ಅದು. ಈಗ ಅಲ್ಲೊಂದು ಹೋಟೆಲು ಇದೆ. ೧೯೬೬ರ ಮೇ ೧೭ರಂದು ಅಲ್ಲಿ ಅಮೆರಿಕದ ಬಾಬ್ ಡಿಲನ್ ಅವರ ಕಚೇರಿ ನಡೆಯಿತು. ಒಂದು ಸಾದಾ ಗಿಟಾರು ಹಿಡಿದು, ಯುದ್ಧದ ವಿರುದ್ಧ, ಕರಿಯರ ಹಕ್ಕುಗಳ ಪರವಾಗಿ ಹಾಡಿ ಹೆಸರಾದವರು ಅವರು. ಹಿಂದಿನ ವರ್ಷ ನ್ಯೂಪೋರ್ಟಿನ ಜಾನಪದ ಗೀತೋತ್ಸವದಲ್ಲಿ ವಿದ್ಯುತ್ ಗಿಟಾರು ಹಿಡಿದು ಬಂದು ಆಗಲೇ ಕೂಗಾಟಕ್ಕೆ ಗುರಿಯಾಗಿದ್ದರು. ಮ್ಯಾಂಚೆಸ್ಟರಿನಲ್ಲಿ ಕಚೇರಿಯ ಪೂರ್ವಾರ್ಧವನ್ನು ಒಬ್ಬರೇ ಹಾಡಿದರು. ಸಭೆ ನಿಶ್ಶಬ್ದವಾಗಿ ಕೇಳಿತು. ಉತ್ತರಾರ್ಧದಲ್ಲಿ ಮೇಳ ಕಟ್ಟಿಕೊಂಡು ಅಬ್ಬರದಿಂದ ಶುರುಮಾಡಿದಾಗ ಸಭೆ ಇಬ್ಭಾಗವಾಯಿತು. ಹಾಡು ಹಾಡುಗಳ ನಡುವೆ ನಿಧಾನವಾಗಿ ಚಪ್ಪಾಳೆ ತಟ್ಟಿ ಅಣಕಿಸಿದರು. ಕೊನೆಗೊಬ್ಬ ಶ್ರೋತೃ "ಜುದಾಸ್!" ಎಂದು ಕೂಗಿದ. ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಡಿಲನ್ ಅವರು ಅದಕ್ಕೆ ಉತ್ತರವಾಗಿ ಮುಂದಿನ ಹಾಡನ್ನು ಇನ್ನೂ ಜೋರಾಗಿ ಬಾರಿಸಲು ಮೇಳದವರಿಗೆ ಹೇಳಿದರು.

ಆ ಕೂಗಿದವನನ್ನು ಮೂರ್ಖನೆಂದು ತಳ್ಳಿಹಾಕುವುದು ಸುಲಭ. ಅವನ ಕಡೆ ನಿಂತು ನೋಡಿ. ಅವನಿಗೆ ಆ ಹಾಡುಗಳು ಬರಿಯ ಹಾಡುಗಳಾಗಿರಲಿಲ್ಲ; ಒಂದು ನ್ಯಾಯದ ಮಾತುಗಳಾಗಿದ್ದವು. ಮಾತು ಕಿವಿಗೆ ಬಿದ್ದರೆ ತಾನೆ ನ್ಯಾಯ? ಗಿಟಾರು ಮತ್ತು ನಗಾರಿಯ ಅಬ್ಬರದಲ್ಲಿ ಮಾತು ಮುಳುಗಿತೆಂದಾಗ ಅವನಿಗಾದದ್ದು ರುಚಿಭಂಗವಲ್ಲ, ನಂಬಿಕೆಭಂಗ. ಅವನಿಗೆ ನಿಜವಾಗಿ ಏನೋ ಕಳೆದುಹೋಗಿತ್ತು. ಅದರ ಬದಲಿಗೆ ಬಂದದ್ದು ಏನೆಂಬುದು ಆ ಸಂಜೆ ಅವನಿಗೆ ಕಾಣಿಸಲಿಲ್ಲ, ಅಷ್ಟೆ.

ಹತ್ತು ವರ್ಷ ಕಳೆಯಿತು. ಅದೇ ಕಟ್ಟಡದ ಚಿಕ್ಕ ಸಭಾಂಗಣವನ್ನು ೧೯೭೬ರ ಜೂನ್ ೪ಕ್ಕೆ ಬಾಡಿಗೆಗೆ ಹಿಡಿದವರು ಹೋವರ್ಡ್ ಡಿವೋಟೊ, ಪೀಟ್ ಶೆಲ್ಲಿ ಎಂಬ ಇಬ್ಬರು ವಿದ್ಯಾರ್ಥಿಗಳು. ಲಂಡನ್ನಿನಿಂದ ಸೆಕ್ಸ್ ಪಿಸ್ಟಲ್ಸ್ ಎಂಬ ಒರಟು ಮೇಳವನ್ನು ಕರೆಸಿ ಕೇಳಿಸುವುದು ಅವರ ಉದ್ದೇಶ. ಬಂದ ಜನ ಬಹಳವಿಲ್ಲ. ಬಂದವರಲ್ಲಿ ಹಲವರು ಮನೆಗೆ ಹೋಗಿ ತಾವೇ ಮೇಳ ಕಟ್ಟಿದರು. ಈ ಇಬ್ಬರು ಕಟ್ಟಿದ್ದು ಬಜ್‌ಕಾಕ್ಸ್. ಆ ವರ್ಷದ ಡಿಸೆಂಬರ್ ೨೮ರಂದು ಮ್ಯಾಂಚೆಸ್ಟರಿನ ಒಂದು ಸ್ಟುಡಿಯೋದಲ್ಲಿ ನಾಲ್ಕು ಹಾಡುಗಳನ್ನು ಕೆಲವೇ ಗಂಟೆಗಳಲ್ಲಿ ಮುದ್ರಿಸಿದರು. ಮನೆಯವರಿಂದಲೂ ಸ್ನೇಹಿತರಿಂದಲೂ ಸಾಲ ತಂದ ಸುಮಾರು ೫೦೦ ಪೌಂಡು ಅವರ ಬಂಡವಾಳ. ೧೯೭೭ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಈ ಕಿರುತಟ್ಟೆಯ ಸಾವಿರ ಪ್ರತಿ ಹೊರಬಂತು; ಮತ್ತೆ ಮತ್ತೆ ಒತ್ತಿಸಿ ಒಟ್ಟು ಹದಿನಾರು ಸಾವಿರ ಖರ್ಚಾಯಿತು. ಅದರ ಒಂದು ಹಾಡಿನಲ್ಲಿ ಗಿಟಾರಿನ ತನಿ ಬರುತ್ತದೆ. ಇರುವುದು ಎರಡೇ ಸ್ವರ. ಅದನ್ನೇ ತಿರುಗಿಸಿ ಮುರುಗಿಸಿ ಬಾರಿಸುತ್ತಾರೆ. ಬಾರಿಸಲು ಬಾರದೆ ಅಲ್ಲ, ಬಾರಿಸುವುದರ ಆಡಂಬರವನ್ನು ಗೇಲಿಮಾಡಲು. ಹೊದಿಕೆಯ ಮೇಲೆ ಪ್ರತಿ ಹಾಡನ್ನೂ ಎಷ್ಟನೆಯ ಸಲದ ಪ್ರಯತ್ನದಲ್ಲಿ ಮುದ್ರಿಸಿದರೆಂಬುದನ್ನೂ ಅಚ್ಚುಹಾಕಿಸಿದ್ದರು. "ಇದರಲ್ಲಿ ಮಂತ್ರವಿಲ್ಲ, ನೀವೂ ಮಾಡಬಹುದು" ಎಂಬುದು ಅದರ ಭಾವ.

'ಸ್ವತಂತ್ರ' ಎಂಬ ಮಾತಿಗೆ ಆ ಸಂಗೀತದಲ್ಲಿ ಅರ್ಥ ಬಂದದ್ದು ಹೀಗೆ. ಮೊದಲಿಗೆ ಅದು ರಾಗದ ಹೆಸರಲ್ಲ, ಲೆಕ್ಕಪತ್ರದ ಹೆಸರು. ತಟ್ಟೆಯನ್ನು ದೊಡ್ಡ ಕಂಪನಿಗಳ ಹಂಗಿಲ್ಲದೆ ಅಚ್ಚುಹಾಕಿಸಿ, ಅವುಗಳ ಹಂಗಿಲ್ಲದೆ ಅಂಗಡಿಗಳಿಗೆ ಹಂಚಿದರೆ ಅದು ಸ್ವತಂತ್ರ. ೧೯೮೦ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಇಂಥ ತಟ್ಟೆಗಳ ಮಾರಾಟದ ಪಟ್ಟಿಯೇ ಬೇರೆಯಾಗಿ ಪ್ರಕಟವಾಗತೊಡಗಿತು. ಆಮೇಲಾಮೇಲೆ 'ಇಂಡಿ' ಎಂಬ ಮೊಟಕು ಹೆಸರು ಒಂದು ಶೈಲಿಗೇ ಅಂಟಿಕೊಂಡಿತು. ಸ್ವಂತ ಉತ್ಸಾಹದಿಂದ ಸಣ್ಣದಾಗಿ ತೊಡಗುವುದು ನಮಗೆ ಹೊಸದಲ್ಲ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪುಟ್ಟ ಪ್ರಸಾರ ಯಂತ್ರವಿಟ್ಟು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಕೊಟ್ಟ ಎಂ. ವಿ. ಗೋಪಾಲಸ್ವಾಮಿಯವರನ್ನು ನೆನೆದುಕೊಳ್ಳಿ.

ಆದರೆ ಸಾವಿರ ತಟ್ಟೆ ಒತ್ತಿಸಿದರಾಯಿತೆ? ಕೇಳಿಸುವವರು ಬೇಕಲ್ಲ! ಆ ಕೆಲಸ ಮಾಡಿದ್ದು ಬಾನುಲಿ. ಬಿ.ಬಿ.ಸಿ.ಯ ರೇಡಿಯೋ ಒನ್ ೧೯೬೭ರ ಸೆಪ್ಟೆಂಬರಿನಲ್ಲಿ ಆರಂಭವಾದಂದಿನಿಂದ ೨೦೦೪ರ ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ಅಲ್ಲಿ ತಟ್ಟೆ ಹಾಕುತ್ತಿದ್ದವರು ಜಾನ್ ಪೀಲ್. ರಾತ್ರಿಯ ಹೊತ್ತು, ಯಾರೂ ಹಾಕದ ತಟ್ಟೆಗಳನ್ನು ಹುಡುಕಿ ಹಾಕುವುದು ಅವರ ಸ್ವಭಾವ. ೧೯೭೬ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ರಮೋನ್ಸ್ ಎಂಬ ಮೇಳದ ಹೊಸ ತಟ್ಟೆಯನ್ನು ಹಾಕಿದರು. ಎರಡೆರಡು ನಿಮಿಷದ, ಉಸಿರುಬಿಡದೆ ಓಡುವ ಹಾಡುಗಳು. ಕಾಗದಗಳು ಬಂದವು, ನಾನು ಹೇಳಿದ ಎರಡನೆಯ ಜಾತಿಯವು. ಇಂಥದನ್ನು ಇನ್ನೆಂದೂ ಹಾಕಕೂಡದೆಂದು ಹಳೆಯ ಕೇಳುಗರು ಬರೆದರು. ಪೀಲ್ ಅವರು ಮರುದಿನಗಳಲ್ಲಿ ಅಂಥವನ್ನೇ ಇನ್ನಷ್ಟು ಹಾಕಿದರು. ಅವರೇ ಆಮೇಲೆ ಹೇಳಿಕೊಂಡಂತೆ, ತಿಂಗಳೊಪ್ಪತ್ತಿನಲ್ಲಿ ಅವರ ಕೇಳುಗರ ಸರಾಸರಿ ವಯಸ್ಸು ಹತ್ತು ವರ್ಷ ಇಳಿದುಹೋಯಿತಂತೆ.

ಇದು ಬರಿಯ ಹಾಸ್ಯದ ಮಾತಲ್ಲವೆಂಬುದಕ್ಕೆ ಸಾಕ್ಷ್ಯವಿದೆ. ಆ ವರ್ಷದ ಕೊನೆಯಲ್ಲಿ ಪೀಲ್ ಅವರು ಕೇಳುಗರಿಂದ ಮತ ತರಿಸಿ, ಎಲ್ಲರೂ ಮೆಚ್ಚಿದ ಐವತ್ತು ಹಾಡುಗಳನ್ನು ಪ್ರಸಾರ ಮಾಡುವ ಪದ್ಧತಿ ಹಾಕಿದರು. ೧೯೭೬ರ ಪಟ್ಟಿಯ ಮೊದಲ ಸ್ಥಾನ ಲೆಡ್ ಝೆಪೆಲಿನ್ ಮೇಳದ ಎಂಟು ನಿಮಿಷದ ಗಂಭೀರ ಗೀತೆಗೆ ಸಂದಿತು. ಹತ್ತು ವರ್ಷದ ಹಿಂದೆ ಕೂಗಿಸಿಕೊಂಡಿದ್ದ ಡಿಲನ್ ಅವರ ಹಲವು ಹಾಡುಗಳೂ ಆ ಪಟ್ಟಿಯಲ್ಲಿದ್ದವು. ಅಷ್ಟರಲ್ಲಿ ಅವರು ಹಿರಿಯರ ಸಾಲಿಗೆ ಸೇರಿಹೋಗಿದ್ದರು. ಕೇಳುಗರ ಮತದ ಪಟ್ಟಿ ಮತ್ತೆ ತಯಾರಾದದ್ದು ೧೯೭೮ರಲ್ಲಿ. ಮೊದಲ ಸ್ಥಾನ ಸೆಕ್ಸ್ ಪಿಸ್ಟಲ್ಸ್ ಮೇಳಕ್ಕೆ! ಎರಡೇ ವರ್ಷದಲ್ಲಿ ತೀರ್ಪು ತಲೆಕೆಳಗಾಗಿತ್ತು. ಹಳಬರು ಮನಸ್ಸು ಬದಲಿಸಿದರೋ, ರೇಡಿಯೋ ಆರಿಸಿ ಎದ್ದುಹೋಗಿ ಹೊಸಬರಿಗೆ ಜಾಗ ಬಿಟ್ಟರೋ? ಎರಡೂ ಆಗಿರಬೇಕು. ಶ್ರೋತೃವರ್ಗವೆಂಬುದು ಕಲ್ಲಿನ ಕಂಬವಲ್ಲ, ಹರಿಯುವ ನೀರು.

ಆ ವರ್ಷವೇ ಉತ್ತರ ಐರ್ಲೆಂಡಿನ ಡೆರಿ ಎಂಬ ಊರಿನ ಐವರು ಹುಡುಗರು, ದಿ ಅಂಡರ್‌ಟೋನ್ಸ್ ಮೇಳದವರು, ನಾಲ್ಕು ಹಾಡಿನ ಕಿರುತಟ್ಟೆಯೊಂದನ್ನು ಬೆಲ್‌ಫಾಸ್ಟಿನಲ್ಲಿ ಮುದ್ರಿಸಿದರು. ಬಾಂಬುಗಳು ಸಿಡಿಯುತ್ತಿದ್ದ ಆ ನಗರದಲ್ಲಿ ತಟ್ಟೆಯ ಅಂಗಡಿ ಇಟ್ಟಿದ್ದ ಟೆರಿ ಹೂಲಿ ಎಂಬವರು ಅದನ್ನು ಪ್ರಕಟಿಸಿದರು. ಅದರ 'ಟೀನೇಜ್ ಕಿಕ್ಸ್' ಎಂಬ ಹಾಡನ್ನು ಪೀಲ್ ಅವರು ಒಂದೇ ರಾತ್ರಿ ಒಂದರ ಹಿಂದೊಂದರಂತೆ ಎರಡು ಸಲ ಹಾಕಿದರು. ಬಾನುಲಿಯ ಶಿಸ್ತಿನಲ್ಲಿ ಅದು ಕಾಣದ ಸಂಗತಿ. ಇಂದು ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರುವುದು ಆ ಹಾಡಿನ ಮಾತುಗಳನ್ನೇ.

ಈಗ ಕಥೆಯ ನಡುಮನೆಗೆ ಬಂದೆವು. ಮೈ ಬ್ಲಡಿ ವ್ಯಾಲೆಂಟೈನ್ ಎಂಬ ಮೇಳ ಡಬ್ಲಿನ್ನಿನಲ್ಲಿ ೧೯೮೩ರಲ್ಲಿ ಹುಟ್ಟಿತು. ಗಿಟಾರಿನ ಕೆವಿನ್ ಶೀಲ್ಡ್ಸ್, ನಗಾರಿಯ ಕೋಲಂ ಓ ಕೀಸೋಗ್ ಅದರ ಮೂಲಪುರುಷರು. ಊರು ಬಿಟ್ಟು ಹಾಲೆಂಡು, ಬರ್ಲಿನ್ ಸುತ್ತಿ ಲಂಡನ್ನು ಸೇರಿದರು. ಮಂದ್ರದ ಗಿಟಾರಿಗೆ ಡೆಬಿ ಗೂಗಿ ಸೇರಿದರು. ೧೯೮೭ರಲ್ಲಿ ಮೊದಲಿನ ಗಾಯಕ ಮೇಳ ಬಿಟ್ಟ ಮೇಲೆ ಬಿಲಿಂಡ ಬುಚರ್ ಬಂದರು. ಆವರೆಗಿನ ಅವರ ತಟ್ಟೆಗಳು ಹಲವು ಕೈಗಳನ್ನು ನೋಡಿ ಬರೆದ ಕಾಪಿಯಂತಿದ್ದವು. ಆ ೧೯೮೭ರ ಹಾಡುಗಳಂತೂ ಸಕ್ಕರೆಯ ಅಚ್ಚಿನಂತೆ ನಯವಾಗಿ, ಗಿಲಿಗಿಲಿ ಗಿಟಾರಿನ, ಅರವತ್ತರ ದಶಕವನ್ನು ನೆನಪಿಗೆ ತರುವ ಹಾಡುಗಳು. ಕೇಳುಗರು ಅವರನ್ನು ಆ ಗೂಡಿನಲ್ಲಿಟ್ಟು ಚೀಟಿ ಅಂಟಿಸಿಯಾಗಿತ್ತು.

೧೯೮೮ರ ಜನವರಿಯಲ್ಲಿ ಕ್ಯಾಂಟರ್‌ಬರಿಯಲ್ಲಿ ನಡೆದ ಕಚೇರಿಯೊಂದರಲ್ಲಿ ಕ್ರಿಯೇಷನ್ ಎಂಬ ಸ್ವತಂತ್ರ ಪ್ರಕಾಶನದ ಆಲನ್ ಮೆಗೀ ಅವರನ್ನು ಕೇಳಿದರು. ಕೇಳಿದವರು ಚೀಟಿಯನ್ನು ನಂಬಲಿಲ್ಲ, ಕಿವಿಯನ್ನು ನಂಬಿದರು, ತಟ್ಟೆ ಮಾಡೋಣವೆಂದರು. ಒಂದು ವಾರದೊಳಗೆ ಐದು ಹಾಡು ಮುದ್ರಿತವಾಯಿತು. 'ಯೂ ಮೇಡ್ ಮಿ ರಿಯಲೈಸ್' ಎಂಬ ಆ ಕಿರುತಟ್ಟೆ ಆಗಸ್ಟಿನಲ್ಲಿ ಹೊರಟಿತು. ಮೊದಲ ಹಾಡಿಗೆ ಸೂಜಿಯಿಟ್ಟವರಿಗೆ ಹಿಂದಿನ ವರ್ಷದ ಸಕ್ಕರೆ ಎಲ್ಲಿಯೂ ಸಿಗಲಿಲ್ಲ. ಗಿಟಾರು ಗರಗಸದಂತೆ ಹಾಯುತ್ತದೆ. ಹಾಡಿನ ನಡುವೆ ರಾಗವೂ ಮಾತೂ ನಿಂತು, ಒಂದೇ ನಾದ ಬಡಿಯುತ್ತ ಬಡಿಯುತ್ತ ಏರುತ್ತದೆ. ಆಮೇಲೆ ಏನೂ ಆಗಲಿಲ್ಲವೆಂಬಂತೆ ಹಾಡು ಮುಂದುವರಿಯುತ್ತದೆ. ವಿಚಿತ್ರವೆಂದರೆ ಇಷ್ಟು ಗಡಸಿನ ನಡುವೆ ಹಾಡುವ ಕಂಠಗಳು ಮಾತ್ರ ಮೆತ್ತಗೆ, ಜೋಗುಳದಂತೆ. ಮಾತು ಅರ್ಧ ಕೇಳಿಸುತ್ತದೆ, ಅರ್ಧ ಕರಗುತ್ತದೆ.

ಶೀಲ್ಡ್ಸ್ ಅವರು ರೂಢಿಮಾಡಿಕೊಂಡ ವಾದನಕ್ರಮವನ್ನು ನಾವು ಸುಲಭವಾಗಿ ಊಹಿಸಬಹುದು. ವೈಣಿಕರು ತಂತಿಯನ್ನು ಎಳೆದು ಗಮಕ ತರುತ್ತಾರಷ್ಟೆ. ವಿದ್ಯುತ್ ಗಿಟಾರಿನಲ್ಲಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸಿ ಬಿಗಿಯುವ ಒಂದು ಲೋಹದ ಹಿಡಿ ಇರುತ್ತದೆ. ಅದನ್ನು ಕೈಯಲ್ಲೇ ಹಿಡಿದುಕೊಂಡು ಮೀಟುತ್ತ ಹೋದರೆ ಇಡೀ ಸ್ವರಸಮೂಹವೇ ಶ್ರುತಿಯ ಅಕ್ಕಪಕ್ಕ ತೂಗಾಡುತ್ತದೆ. ಅಬ್ಬರಕ್ಕೆ ಒಂದು ಬಳುಕು ಬರುವುದು ಅದರಿಂದ.

ಕೇಳುಗರು ಏನೆಂದರು? ಅವರನ್ನು ಅನುಕರಣಕಾರರೆಂದು ಬದಿಗಿಟ್ಟಿದ್ದ ಪತ್ರಿಕೆಗಳು ಮತ್ತೆ ತಿರುಗಿ ನೋಡಿದವು. ತಟ್ಟೆ ಸ್ವತಂತ್ರ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಅದೇ ವರ್ಷ ಪೀಲ್ ಅವರ ಕಾರ್ಯಕ್ರಮಕ್ಕೂ ಮೇಳ ಹಾಡಿತು. ನವೆಂಬರಿನಲ್ಲಿ ದೀರ್ಘ ತಟ್ಟೆಯೂ ಬಂತು. ಆದರೆ ನಿಜವಾದ ವಾಗ್ವಾದ ನಡೆದದ್ದು ಕಚೇರಿಗಳಲ್ಲಿ. ತಟ್ಟೆಯಲ್ಲಿ ಒಂದು ನಿಮಿಷವೂ ಇಲ್ಲದ ಆ ನಡುವಿನ ಮೊರೆತವನ್ನು ವೇದಿಕೆಯ ಮೇಲೆ ಬೆಳೆಸುತ್ತ ಹೋದರು. ೧೯೯೧-೯೨ರ ಸುಮಾರಿಗೆ ಅದು ಹತ್ತು ನಿಮಿಷವನ್ನೂ ಮೀರಿತು. ಹೋಗಿಬಂದ ವಿಮರ್ಶಕರು ಬರೆದಿದ್ದಾರೆ: ಮೊದಲು ಬೆರಗು, ಆಮೇಲೆ ಸಿಟ್ಟು, ಕೆಲವರು ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಾರೆ, ಉಳಿದವರಿಗೆ ಒಂದು ಹಂತದಲ್ಲಿ ಸದ್ದು ಸದ್ದಾಗಿ ಉಳಿಯದೆ ಒಂದು ಬಗೆಯ ನಿಶ್ಚಲತೆ ಬರುತ್ತದೆ. ಒಂದೇ ನಾದವನ್ನು ಒಬ್ಬ ಹಿಂಸೆಯೆಂದ, ಒಬ್ಬ ಧ್ಯಾನವೆಂದ. ಇಬ್ಬರೂ ಅದೇ ಸಾಲಿನಲ್ಲಿ ಕುಳಿತಿದ್ದವರೇ.

ಹಿಂಸೆಯೆಂದವನ ಮಾತನ್ನು ತಳ್ಳಿಹಾಕುವಂತಿಲ್ಲ. ನೂರು ಡೆಸಿಬೆಲ್ ಸದ್ದಿಗೆ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಕಿವಿಗೊಡಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಹುಕಾಲ ಮೌನವಾಗಿದ್ದ ಮೇಳ ೨೦೦೮ರಲ್ಲಿ ಮತ್ತೆ ಲಂಡನ್ನಿನಲ್ಲಿ ಕಚೇರಿ ನಡೆಸಿದಾಗ ಬಂದವರಿಗೆಲ್ಲ ಕಿವಿಗೆ ಇಟ್ಟುಕೊಳ್ಳುವ ಬೆಣೆಗಳನ್ನು ಹಂಚಿದರು. ಕೇಳಲು ಕರೆದು ಕಿವಿ ಮುಚ್ಚಿಕೊಳ್ಳಲು ಕೊಟ್ಟರಲ್ಲ ಎಂದು ನಗಬಹುದು. ನನಗೆ ಅದು ಕೇಳುಗರ ದೂರಿಗೆ ಕಲಾವಿದರು ಕೊಟ್ಟ ಮರ್ಯಾದೆಯಾಗಿಯೂ ಕಾಣುತ್ತದೆ. ನಾದವನ್ನು ಬಿಡಲಿಲ್ಲ, ದೂರನ್ನು ಕೇಳಿಸಿಕೊಳ್ಳದೆಯೂ ಇರಲಿಲ್ಲ.

ಆ ಕಿರುತಟ್ಟೆಯ ಸಂತತಿ ದೊಡ್ಡದು. ೧೯೯೦ರಲ್ಲಿ ರೈಡ್, ಸ್ಲೋಡೈವ್ ಎಂಬ ಮೇಳಗಳು ಅದೇ ಪ್ರಕಾಶನದಿಂದ ಕಿರುತಟ್ಟೆಗಳ ಮೂಲಕವೇ ಹೊರಟವು. ವೇದಿಕೆಯಲ್ಲಿ ಸಭೆಯನ್ನು ನೋಡದೆ, ಕಾಲಿನಿಂದ ಒತ್ತುವ ಯಂತ್ರಗಳ ಕಡೆ ತಲೆ ತಗ್ಗಿಸಿ ನಿಲ್ಲುವ ಇವರನ್ನು ಪತ್ರಿಕೆಗಳು "ಬೂಟು ನೋಡುವವರು" ಎಂದು ಗೇಲಿಮಾಡಿದವು. ಇಂದು ಆ ಗೇಲಿಯೇ, 'ಶೂಗೇಜ್' ಎಂಬ ಹೆಸರಿನಲ್ಲಿ, ಆ ಸಂಗೀತದ ಮರ್ಯಾದೆಯ ಬಿರುದು.

ಇದರಿಂದ "ದೂರಿದವರೆಲ್ಲ ತಪ್ಪು, ಹೊಸತೆಲ್ಲ ಸರಿ" ಎಂಬ ನೀತಿ ತೆಗೆಯುವುದು ಬೇಡ. ಡಿಲನ್ ಅವರಂತೆ ಸಭೆಯನ್ನು ಎದುರಿಸಿ ಗೆದ್ದವರನ್ನು ಚರಿತ್ರೆ ನೆನೆಯುತ್ತದೆ. ಎದುರಿಸಿ ಮರೆತುಹೋದವರಿಗೆ ಲೆಕ್ಕವಿಲ್ಲ. ಗದ್ದಲಗಳಲ್ಲಿ ಬಹುಪಾಲು ಬರಿಯ ಗದ್ದಲವೇ. ಅದನ್ನು ಗದ್ದಲವೆಂದು ಹೇಳುವ ಕೇಳುಗ ಸಂಗೀತಕ್ಕೆ ಉಪಕಾರ ಮಾಡುತ್ತಾನೆ. ಆದರೆ "ನನಗೆ ಹಿಡಿಸಲಿಲ್ಲ" ಎನ್ನುವುದಕ್ಕೂ "ಇದನ್ನು ಯಾರಿಗೂ ಕೇಳಿಸಬೇಡಿ" ಎನ್ನುವುದಕ್ಕೂ ನಡುವೆ ಒಂದು ಗೆರೆಯಿದೆ. ಮೊದಲನೆಯದು ಅಭಿಪ್ರಾಯ. ಎರಡನೆಯದರಲ್ಲಿ ಪಕ್ಕದ ಮನೆಯ ಹುಡುಗನ ಕಿವಿಯನ್ನೂ ನಾವೇ ಮುಚ್ಚಿದಂತಾಗುತ್ತದೆ. ಜಾನ್ ಪೀಲ್ ಅವರು ಮಾಡಿದ್ದು ಇಷ್ಟೇ: ಕಾಗದಗಳನ್ನು ಓದಿದರು, ಅಪ್ಪಣೆಯನ್ನು ಪಾಲಿಸಲಿಲ್ಲ.

ಆದ್ದರಿಂದ ಕಾಗದ ಬರೆಯುವುದನ್ನು ಬಿಡಬೇಡಿ. ಕವರು ದಪ್ಪವಾದರೂ ಚಿಂತೆಯಿಲ್ಲ. ಬರೆಯುವ ಮೊದಲು ಮಾತ್ರ ಒಂದು ಉಪಕಾರ ಮಾಡಿ. ಹಿಡಿಸದ ಹಾಡು ಬಂದಾಗ ಗುಂಡಿಯನ್ನು ತಟ್ಟನೆ ತಿರುಗಿಸದೆ, ದನಿಯನ್ನು ಕೊಂಚ ತಗ್ಗಿಸಿ, ಅದು ಮುಗಿಯುವವರೆಗೆ ಕೇಳಿ. ಮುಗಿದ ಮೇಲೂ ಸಿಟ್ಟು ಉಳಿದಿದ್ದರೆ ಆ ಸಿಟ್ಟಿಗೆ ಬೆಲೆಯುಂಟು. ಉಳಿಯದಿದ್ದರೆ ಒಂದು ಅಂಚೆಚೀಟಿಯ ದುಡ್ಡು ಉಳಿಯಿತು.